ಸ್ಕ್ಯಾನ್ ನಾರ್ಮಲ್ ಅಂತ ಬಂತು, ಹಾಗಾದರೆ ತಮ್ಮನ ಸಂಕಟ ಸುಳ್ಳಾ?

ತಮ್ಮನ_ಅಕ್ಕ · ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 24 ವರ್ಷ. ಆರೇಳು ತಿಂಗಳಿಂದ ಮಂಕು ಕವಿದ ಹಾಗಿದ್ದಾನೆ. ಕೆಲಸಕ್ಕೆ ಹೋಗುವುದು ಬಿಟ್ಟ. ಹಗಲೆಲ್ಲ ಮಲಗಿರುತ್ತಾನೆ, ರಾತ್ರಿ ಎದ್ದು ಗೋಡೆ ನೋಡುತ್ತಾ ಕೂತಿರುತ್ತಾನೆ. ಮೊದಲು ಇವನ ಬಾಯಿ ಮುಚ್ಚಿಸುವುದೇ ಕಷ್ಟವಿತ್ತು. ಈಗ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಡಾಕ್ಟರ್ ನೋಡಿ ಖಿನ್ನತೆ ಅಂದರು. ತಲೆನೋವು ಅಂತಲೂ ಹೇಳುತ್ತಿದ್ದ, ಹಾಗಾಗಿ ಒಂದು ಎಂಆರ್‌ಐ ಮಾಡಿಸಿ ಅಂದರು. ಮಾಡಿಸಿದೆವು. ಎಲ್ಲ ನಾರ್ಮಲ್.

ಆವತ್ತಿನಿಂದ ಮನೆಯ ಮಾತೇ ಬದಲಾಗಿದೆ. "ಅಷ್ಟು ದೊಡ್ಡ ಮಿಷಿನ್ನೇ ಏನೂ ಇಲ್ಲ ಅಂತಿದೆ. ಇದೆಲ್ಲ ಸೋಮಾರಿತನ" ಅಂತ ಅಪ್ಪ. ತಮ್ಮ ಎದುರು ಮಾತಾಡಲಿಲ್ಲ. ರಾತ್ರಿ ನನ್ನ ಹತ್ತಿರ ಬಂದು, "ಅಕ್ಕಾ, ನಾನು ನಾಟಕ ಆಡ್ತಿದೀನಾ? ನಂಗೇ ಅನುಮಾನ ಬರ್ತಿದೆ" ಅಂದ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ.

ಖಿನ್ನತೆ ಮಿದುಳಿನ ಕಾಯಿಲೆ ಅಂತಾರೆ. ಸ್ಕ್ಯಾನ್ ಮಾಡಿದ್ದೂ ಮಿದುಳನ್ನೇ. ಹಾಗಿದ್ದ ಮೇಲೆ ಯಾಕೆ ಕಾಣಲಿಲ್ಲ? ನೆಟ್ಟಿನಲ್ಲಿ ಎರಡು ಮಿದುಳಿನ ಚಿತ್ರ ಅಕ್ಕಪಕ್ಕ ಹಾಕಿರುತ್ತಾರಲ್ಲ, ಒಂದು ಕೆಂಪು ಹಳದಿ, ಇನ್ನೊಂದು ಪೂರ್ತಿ ನೀಲಿ, ಅದು ಯಾವ ಸ್ಕ್ಯಾನ್? ಅದನ್ನು ಮಾಡಿಸಿದರೆ ಅಪ್ಪನಿಗೆ ತೋರಿಸಬಹುದಾ?

ಮೌನಿ · ರಾತ್ರಿ 9.20

ಸುಳ್ಳಲ್ಲ. ಮೊದಲು ಅವನಿಗೆ ಅದನ್ನು ಹೇಳಿ ಅಕ್ಕ. ಮಿಕ್ಕಿದ್ದು ಆಮೇಲೆ.

ಕಪ್ಪುಬಿಳುಪು · ರಾತ್ರಿ 9.41

ನಾನು 14 ವರ್ಷದಿಂದ ಎಂಆರ್‌ಐ ಟೆಕ್ನೀಷಿಯನ್. ರಿಪೋರ್ಟ್ ಬರೆಯುವವರು ಡಾಕ್ಟರ್, ನಾನಲ್ಲ. ಆದರೆ ದಿನವೂ ನೋಡುತ್ತೇನೆ, ಹಾಗಾಗಿ 'ನಾರ್ಮಲ್' ಅನ್ನುವ ಪದದ ಅರ್ಥ ಹೇಳುತ್ತೇನೆ. ಗಡ್ಡೆ ಇಲ್ಲ. ರಕ್ತ ಸೋರಿಲ್ಲ. ಸ್ಟ್ರೋಕ್ ಆಗಿಲ್ಲ. ಊತ ಇಲ್ಲ. ನೀರು ತುಂಬಿಕೊಂಡಿಲ್ಲ. ಅಷ್ಟೇ. ಈ ಹುಡುಗನಿಗೆ ಸಂಕಟ ಇದೆಯಾ ಅಂತ ಯಾರೂ ಮಿಷಿನ್ನನ್ನು ಕೇಳಿಯೇ ಇಲ್ಲ. ಅದು ಉತ್ತರ ಕೊಟ್ಟಿದ್ದೂ ಆ ಪ್ರಶ್ನೆಗಲ್ಲ.

ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ. ನಮ್ಮ ಚಿತ್ರದ ಒಂದೊಂದು ಚುಕ್ಕಿಯಲ್ಲೂ ಹತ್ತಾರು ಸಾವಿರ ಕೋಶ ಅಡಗಿರುತ್ತವೆ. ಮನೆಯ ಫೋಟೋ ನೋಡಿ ಗೋಡೆ ಬಿರುಕು ಬಿಟ್ಟಿದೆಯಾ ಅಂತ ಹೇಳಬಹುದು. ಒಳಗಿರುವವರು ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರಾ ಅಂತ ಹೇಳೋಕಾಗಲ್ಲ.

ನೇರಮಾತು · ರಾತ್ರಿ 9.58

ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ, ಒಳ್ಳೆಯದು. ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಇದೆ. ಮೂಳೆ ಮುರಿದರೆ ಎಕ್ಸ್‌ರೇ ಇದೆ. ಖಿನ್ನತೆಗೆ ಏನಿದೆ? ಹತ್ತು ಪ್ರಶ್ನೆ ಕೇಳಿ ಮಾತ್ರೆ ಬರೆದುಕೊಡುತ್ತಾರೆ. ಯಾವ ಮಿಷಿನ್ನಿಗೂ ಕಾಣದ್ದನ್ನು ಕಾಯಿಲೆ ಅಂತ ನಂಬಿ ಅಂದರೆ ಅವರಪ್ಪ ಹೇಗೆ ನಂಬಬೇಕು? ಅವರ ಮೇಲೆ ತಪ್ಪು ಹೊರಿಸುವುದು ಸುಲಭ.

ಇರುಳು_ಓದು · ರಾತ್ರಿ 10.15

ನೇರಮಾತು ಅವರೇ, ನಾನು ಮನೋವೈದ್ಯಕೀಯ ಓದುತ್ತಿದ್ದೇನೆ, ಎರಡನೇ ವರ್ಷ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಲೆಕ್ಕ ಒಂದೇ ಥರ ಹಾಕೋಣ. ಮೈಗ್ರೇನ್ ಇದೆಯಲ್ಲ, ಅದನ್ನು ಗುರುತಿಸುವ ಸ್ಕ್ಯಾನ್ ಇಲ್ಲ. ಮೈಗ್ರೇನ್ ಇರುವವರಿಗೆ ಸ್ಕ್ಯಾನ್ ಮಾಡುವುದು ಬೇರೆ ಏನಾದರೂ ಇದೆಯಾ ಅಂತ ನೋಡುವುದಕ್ಕೆ. ಪಾರ್ಕಿನ್ಸನ್ ಕಾಯಿಲೆಯನ್ನು ಈಗಲೂ ಮುಖ್ಯವಾಗಿ ರೋಗಿಯ ನಡಿಗೆ, ನಡುಕ, ಬಿಗಿತ ನೋಡಿಯೇ ಹೇಳುತ್ತಾರೆ. ಫಿಟ್ಸ್ ಬರುವವರಿಗೆ, ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮಾಡಿದ ಇಇಜಿ (ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆ) ಎಷ್ಟೋ ಸಲ ನಾರ್ಮಲ್ ಬರುತ್ತದೆ. ಇವನ್ನೆಲ್ಲ ಸುಳ್ಳು ಅನ್ನುತ್ತೀರಾ?

ಇನ್ನೊಂದು. ಇಇಜಿ ಕಂಡುಹಿಡಿದದ್ದೇ ಒಬ್ಬ ಮನೋವೈದ್ಯ, ಹಾನ್ಸ್ ಬರ್ಗರ್. 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಅಲೆ ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಮನಸ್ಸನ್ನು ಅಳೆಯಬೇಕು ಅನ್ನುವ ಆಸೆ ನಮ್ಮ ವಿಭಾಗಕ್ಕೆ ಮೊದಲಿನಿಂದಲೂ ಇದೆ. ಆ ಇಇಜಿ ಇವತ್ತು ಜಾಸ್ತಿ ನೆರವಾಗುತ್ತಿರುವುದು ಫಿಟ್ಸ್ ಇರುವವರಿಗೆ.

ನೇರಮಾತು · ರಾತ್ರಿ 10.22

ಮೈಗ್ರೇನ್ ಮಾತು ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ. ಆದರೂ ನೂರು ವರ್ಷ ಆದಮೇಲೂ ಒಂದು ಪರೀಕ್ಷೆ ಇಲ್ಲ ಅನ್ನುವುದು ಚಿಂತೆಯ ವಿಷಯವೇ.

ಇರುಳು_ಓದು · ರಾತ್ರಿ 10.24

ಅದು ನನಗೂ ಚಿಂತೆಯೇ. ಅದಕ್ಕೇ ಈ ಓದು ಆರಿಸಿಕೊಂಡೆ.

ಹೊಂಗೆ_ನೆರಳು · ರಾತ್ರಿ 10.40

ತಮ್ಮನ_ಅಕ್ಕ ಅವರೇ, ಆ ಬಣ್ಣದ ಚಿತ್ರ ನಾನು ಮಾಡಿಸಿದ್ದೇನೆ. ಒಂದು ಖಾಸಗಿ ಕೇಂದ್ರದಲ್ಲಿ, ಸ್ಪೆಕ್ಟ್ ಸ್ಕ್ಯಾನ್. ರಕ್ತಕ್ಕೆ ಸ್ವಲ್ಪ ವಿಕಿರಣದ ಔಷಧ ಬಿಟ್ಟು, ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ಹರಿಯುತ್ತಿದೆ ನೋಡುತ್ತಾರೆ. "ನಿಮ್ಮ ಮಿದುಳಿನ ಮುಂಭಾಗ ಮಲಗಿಬಿಟ್ಟಿದೆ" ಅಂದರು. ಚಿತ್ರದಲ್ಲಿ ಆ ಜಾಗ ನೀಲಿ ಇತ್ತು.

ನಿಜ ಹೇಳುತ್ತೇನೆ, ಆವತ್ತು ಖುಷಿಯಿಂದ ಅತ್ತೆ. ನೋಡಿ, ನಾನು ಸುಳ್ಳು ಹೇಳುತ್ತಿರಲಿಲ್ಲ, ಸಾಕ್ಷಿ ಇದೆ ಅಂತ. ಫೋನಿನಲ್ಲಿ ಇಟ್ಟುಕೊಂಡು ಎಲ್ಲರಿಗೂ ತೋರಿಸಿದೆ. ಆಮೇಲೆ ನನ್ನ ಹಳೆಯ ಡಾಕ್ಟರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದು ನೋಡಿ ನಾನು ಮಾತ್ರೆ ಬದಲಿಸಲ್ಲಮ್ಮ. ಇಂಥಾದ್ದೇ ಚಿತ್ರ ಏನೂ ತೊಂದರೆ ಇಲ್ಲದವರಿಗೂ ಬರಬಹುದು" ಅಂದರು. ಅದೇ ಮಾತ್ರೆ, ಅದೇ ಕೌನ್ಸೆಲಿಂಗ್ ಮುಂದುವರಿಯಿತು. ಅದರಿಂದಲೇ ನಿಧಾನಕ್ಕೆ ಹುಷಾರಾದೆ.

ನಡುವೆ ಒಂದು ಕೆಟ್ಟ ಕಾಲ ಬಂತು. ಆ ನೀಲಿ ಚಿತ್ರ ತಲೆಯಿಂದ ಹೋಗಲಿಲ್ಲ. ನನ್ನ ಮಿದುಳೇ ಕೆಟ್ಟಿದೆ, ಇನ್ನು ಇದು ಇಷ್ಟೇ ಅನ್ನಿಸತೊಡಗಿತು. ಸಾಕ್ಷಿ ಅಂತ ತಂದಿದ್ದು ತೀರ್ಪಿನ ಹಾಗೆ ಆಗಿಹೋಯಿತು. ಅದಕ್ಕೇ ಹೇಳುತ್ತಿದ್ದೇನೆ, ಅಪ್ಪನಿಗೆ ತೋರಿಸುವುದಕ್ಕೆ ಅಂತ ಮಾಡಿಸಬೇಡಿ.

ತಮ್ಮನ_ಅಕ್ಕ · ರಾತ್ರಿ 10.47

ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ನಾನು ಅದೇ ಯೋಚನೆಯಲ್ಲಿದ್ದೆ. ಸಾಕ್ಷಿ ಒಂದು ಸಿಕ್ಕಿದರೆ ಸಾಕು ಅಂತ.

ಇರುಳು_ಓದು · ರಾತ್ರಿ 10.55

ಹೊಂಗೆ_ನೆರಳು ಅವರ ಅನುಭವ ಒಬ್ಬರದ್ದಲ್ಲ. ಮಾನಸಿಕ ಕಾಯಿಲೆಗೆ ಮಿದುಳಿನ ಕಾರಣ ಹೇಳಿದಾಗ ಜನ ರೋಗಿಯನ್ನು ದೂರುವುದು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಇವರು ಹುಷಾರಾಗುವುದಿಲ್ಲ ಅನ್ನುವ ನಂಬಿಕೆ ಹೆಚ್ಚುತ್ತದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2013ರ ಅಧ್ಯಯನದಲ್ಲಿ ಇದು ಬಂದಿದೆ. ಅಮೆರಿಕದ ಮನೋವೈದ್ಯರ ಸಂಘದ ತಜ್ಞರ ತಂಡ 2018ರಲ್ಲಿ ಎಲ್ಲ ಪುರಾವೆ ನೋಡಿ, ಮಾನಸಿಕ ಕಾಯಿಲೆಯನ್ನು ಪತ್ತೆಹಚ್ಚಲು ಈ ಸ್ಕ್ಯಾನ್‌ಗಳನ್ನು ಬಳಸುವಷ್ಟು ಆಧಾರ ಇನ್ನೂ ಇಲ್ಲ ಅಂತಲೇ ಬರೆಯಿತು.

ಲೆಕ್ಕದ_ಮೇಷ್ಟ್ರು · ರಾತ್ರಿ 11.10

ಯಾಕೆ ಇಲ್ಲ ಅನ್ನುವುದನ್ನು ಲೆಕ್ಕದಲ್ಲಿ ಹೇಳುತ್ತೇನೆ. ನಾನು ಸಂಖ್ಯಾಶಾಸ್ತ್ರ ಕಲಿಸುವವನು.

ಎನಿಗ್ಮಾ ಅನ್ನುವ ದೊಡ್ಡ ಜಾಗತಿಕ ಕೂಟ ಇದೆ. ಬೇರೆ ಬೇರೆ ದೇಶಗಳ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡುತ್ತಾರೆ. ಖಿನ್ನತೆ ಇರುವ 1,728 ಜನ, ಇಲ್ಲದ 7,199 ಜನ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಅನ್ನುವ ಭಾಗ ಖಿನ್ನತೆ ಇರುವವರಲ್ಲಿ ಸರಾಸರಿ ಸುಮಾರು 1.2% ಚಿಕ್ಕದಿತ್ತು. ಪತ್ರಿಕೆಗಳಲ್ಲಿ "ಖಿನ್ನತೆಯಿಂದ ಮಿದುಳು ಕುಗ್ಗುತ್ತದೆ" ಅಂತ ಬಂತು.

ಈ ವ್ಯತ್ಯಾಸ ಎಷ್ಟು ಸಣ್ಣದು ಗೊತ್ತಾ? ಎತ್ತರಕ್ಕೆ ಹೋಲಿಸಿ. ಎರಡು ದೊಡ್ಡ ಗುಂಪು. ಒಂದರ ಸರಾಸರಿ ಎತ್ತರ ಇನ್ನೊಂದಕ್ಕಿಂತ ಒಂದೇ ಒಂದು ಸೆಂಟಿಮೀಟರ್ ಕಡಿಮೆ. ಈಗ ದಾರಿಯಲ್ಲಿ ಹೋಗುವ ಒಬ್ಬನನ್ನು ನಿಲ್ಲಿಸಿ, ಎತ್ತರ ಅಳೆದು, ಯಾವ ಗುಂಪಿನವನು ಹೇಳಿ ನೋಡೋಣ. ಆಗಲ್ಲ ಅಲ್ವಾ? ಗುಂಪಿನ ಸತ್ಯ ಬೇರೆ, ಒಬ್ಬ ಮನುಷ್ಯನ ಸತ್ಯ ಬೇರೆ. ನಿಮ್ಮ ತಮ್ಮ ಒಬ್ಬ ಮನುಷ್ಯ.

ಪ್ರಯೋಗಶಾಲೆ · ರಾತ್ರಿ 11.18

ಮೇಷ್ಟ್ರೇ, ಹೋಲಿಕೆ ಚೆನ್ನಾಗಿದೆ. ಆದರೆ ಎನಿಗ್ಮಾ ನೋಡಿದ್ದು ಮಿದುಳಿನ ಆಕಾರವನ್ನು. ಕೆಲಸವನ್ನು ನೋಡುವ ಎಫ್‌ಎಂಆರ್‌ಐ ಬೇರೆ. ಮೇಲೆ ಕಪ್ಪುಬಿಳುಪು ಅಣ್ಣ ಒಳಗಿನ ಮಾತು ಕೇಳೋಕಾಗಲ್ಲ ಅಂದರು. ಪೂರ್ತಿ ಹಾಗೇನಿಲ್ಲ. ಕೆಲಸ ಜಾಸ್ತಿ ಆದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿದು ಬರುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಗುಣದಲ್ಲಿ ವ್ಯತ್ಯಾಸ ಇದೆ. ಇದನ್ನು ಚಿತ್ರ ಮಾಡಬಹುದು ಅಂತ ಸೇಜಿ ಒಗಾವಾ 1990ರಲ್ಲಿ ತೋರಿಸಿದರು. 1992ರಲ್ಲಿ ಮನುಷ್ಯರ ಮೇಲೆ ಬಂತು. ಸೂಜಿ ಇಲ್ಲ, ವಿಕಿರಣ ಇಲ್ಲ.

ಕಪ್ಪುಬಿಳುಪು · ರಾತ್ರಿ 11.26

ಒಪ್ಪುತ್ತೇನೆ ಮೇಡಂ. ಆದರೂ ಅದು ನೇರ ಮಾತಲ್ಲ. ನರಕೋಶ ಕೆಲಸ ಮಾಡುವುದು ಮಿಲಿಸೆಕೆಂಡ್ ಲೆಕ್ಕದಲ್ಲಿ. ರಕ್ತ ಬಂದು ತುಂಬುವುದು ಐದಾರು ಸೆಕೆಂಡ್ ಆದಮೇಲೆ. ಅಡುಗೆಮನೆಯ ಹೊಗೆ ನೋಡಿ ಒಲೆ ಹೊತ್ತಿದೆ ಅನ್ನಬಹುದು. ಒಳಗೆ ಏನು ಬೇಯುತ್ತಿದೆ ಅನ್ನಲಾಗದು.

ಲೆಕ್ಕದ_ಮೇಷ್ಟ್ರು · ರಾತ್ರಿ 11.45

ಎಫ್‌ಎಂಆರ್‌ಐ ಮಾತು ಬಂದಿದ್ದಕ್ಕೆ ಸತ್ತ ಮೀನಿನ ವಿಷಯ ಹೇಳಲೇಬೇಕು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಅವರ ಜೊತೆಯವರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಯಾವ ಭಾವನೆ ಇದೆ ಅಂತ ಕೇಳಿದರು. ಲೆಕ್ಕವನ್ನು ಸಡಿಲ ಬಿಟ್ಟರೆ ಮೀನಿನ ಮಿದುಳಿನಲ್ಲೂ ಕೆಲವು ಚುಕ್ಕಿ ಹೊತ್ತಿಕೊಂಡವು. ಅವರು ತೋರಿಸಬೇಕೆಂದಿದ್ದು ಅದನ್ನೇ. ಒಂದು ಲಕ್ಷ ಚುಕ್ಕಿ ಇದೆ, ಸಾವಿರಕ್ಕೊಂದು ತಪ್ಪು ಆಗಲಿ ಅಂತ ಬಿಟ್ಟರೆ ನೂರು ಸುಳ್ಳು ಚುಕ್ಕಿ ಬಂದೇ ಬರುತ್ತವೆ. ತಿದ್ದುಪಡಿ ಮಾಡಿದಾಗ ಮೀನಿನ ಚುಕ್ಕಿಗಳು ಮಾಯವಾದವು.

2020ರಲ್ಲಿ ಇನ್ನೊಂದು ಆಯಿತು. ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟು, ಅದೇ ಒಂಬತ್ತು ಪ್ರಶ್ನೆಗೆ ಉತ್ತರ ಕೇಳಿದರು. ಯಾವ ಎರಡು ತಂಡವೂ ಒಂದೇ ಥರ ಲೆಕ್ಕ ಮಾಡಲಿಲ್ಲ. ಕೆಲವು ಪ್ರಶ್ನೆಗಳಿಗೆ ಹೌದು, ಇಲ್ಲ ಎರಡೂ ಉತ್ತರ ಬಂದವು. ಇವರೆಲ್ಲ ಪ್ರಾಮಾಣಿಕರೇ. ಒಂದು ಚಿತ್ರ ಹೊರಬರುವ ಮೊದಲು ಎಷ್ಟು ಕಡೆ ಮನುಷ್ಯನ ಆಯ್ಕೆ ಇರುತ್ತದೆ ಅನ್ನುವುದು ಮುಖ್ಯ.

ಗಾಳಿಪಟ · ರಾತ್ರಿ 11.52

ವಿಷಯ ಬೇರೆ, ಕ್ಷಮಿಸಿ. ನನಗೆ ನಾಳೆ ಸಂಜೆ ಎಂಆರ್‌ಐ ಇದೆ, ಬೆನ್ನಿಗೆ. ಆ ಕೊಳವೆ ನೆನೆಸಿಕೊಂಡರೇ ಉಸಿರು ಕಟ್ಟುತ್ತದೆ. ಹೋದ ವರ್ಷ ಅರ್ಧಕ್ಕೇ ಎದ್ದು ಬಂದಿದ್ದೆ. ವಿಕಿರಣ ಬೇರೆ ಜಾಸ್ತಿ ಅಂತೆ?

ಕಪ್ಪುಬಿಳುಪು · ರಾತ್ರಿ 11.59

ಕ್ಷಮೆ ಯಾಕೆ, ಇದೂ ಇಲ್ಲಿಗೆ ಸಂಬಂಧಪಟ್ಟದ್ದೇ. ಎಂಆರ್‌ಐನಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲವೇ ಇಲ್ಲ. ಇರುವುದು ಸಿಟಿ ಸ್ಕ್ಯಾನಿನಲ್ಲಿ. ಪೆಟ್, ಸ್ಪೆಕ್ಟ್‌ನಲ್ಲಿ ಮೈಯೊಳಗೆ ಬಿಡುವ ಔಷಧದಲ್ಲಿ ಇರುತ್ತದೆ. ನಮ್ಮದು ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆ. ಲೋಹ ಮೈಮೇಲೆ, ಮೈಯೊಳಗೆ ಏನಿದ್ದರೂ ಮೊದಲೇ ಹೇಳಿ, ಅದು ಬಹಳ ಮುಖ್ಯ.

ಭಯಕ್ಕೆ ಒಂದು ಉಪಾಯ. ಹಲಗೆ ಒಳಗೆ ಜರುಗುವ ಮೊದಲೇ ಕಣ್ಣು ಮುಚ್ಚಿ. ಒಳಗೆ ಹೋದಮೇಲೆ ತೆರೆಯಬೇಡಿ. ಕಣ್ಣಿನ ಮೇಲೆ ಒಂದು ಬಟ್ಟೆ ಕೇಳಿ, ಕೊಡುತ್ತಾರೆ. ಕೈಯಲ್ಲೊಂದು ರಬ್ಬರ್ ಬುರುಡೆ ಕೊಡುತ್ತಾರೆ, ಹಿಸುಕಿದರೆ ನಾವು ಬರುತ್ತೇವೆ. ಆ ಡಬಡಬ ಸದ್ದು ಒಳಗಿನ ಸುರುಳಿಗಳಲ್ಲಿ ಕರೆಂಟ್ ಬೇಗ ಬೇಗ ಬದಲಾಗುವುದರಿಂದ ಬರುವುದು. ಏನೂ ಒಡೆಯುತ್ತಿಲ್ಲ.

ಪ್ರಯೋಗಶಾಲೆ · ಬೆಳಿಗ್ಗೆ 6.30

ಗಾಳಿಪಟ ಅವರ ಪ್ರಶ್ನೆಯಿಂದ ನಮ್ಮ ಕ್ಷೇತ್ರದ ದೊಡ್ಡ ತಲೆನೋವೊಂದು ನೆನಪಾಯಿತು. ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಎಫ್‌ಎಂಆರ್‌ಐ ಲೆಕ್ಕ ಕೆಡುತ್ತದೆ. ಮಿದುಳಿನ ಹತ್ತಿರದ ಭಾಗಗಳ ನಂಟು ಇರುವುದಕ್ಕಿಂತ ಬಲವಾಗಿ, ದೂರದ ಭಾಗಗಳ ನಂಟು ದುರ್ಬಲವಾಗಿ ಕಾಣುತ್ತದೆ. 2012ರಲ್ಲಿ ಇದು ಖಚಿತವಾಯಿತು. ಈಗ ಯೋಚಿಸಿ. ಆತಂಕ ಇರುವವರು, ಚಿಕ್ಕ ಮಕ್ಕಳು, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವವರು ಜಾಸ್ತಿ ಅಲುಗುತ್ತಾರೆ. ಕಾಯಿಲೆಯ ಗುರುತು ಸಿಕ್ಕಿತು ಅಂದುಕೊಂಡ ಎಷ್ಟೋ ಕಡೆ ನಾವು ನೋಡಿದ್ದು ಅಲುಗಾಟವನ್ನು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ. ವರ್ಷಗಟ್ಟಲೆ ಕೆಲಸ ಮಾಡಿದವರಿದ್ದಾರೆ.

ಇಷ್ಟು ಹೇಳಿದ ಮೇಲೆ, ಮೇಷ್ಟ್ರೇ, ನೀವು ಒಂದೇ ಕಡೆಯ ತಕ್ಕಡಿ ತೂಗುತ್ತಿದ್ದೀರಿ. ಸ್ಕ್ಯಾನ್‌ನಿಂದ ರೋಗಿಗಳಿಗೆ ನೇರವಾಗಿ ಒಳ್ಳೆಯದಾದದ್ದೂ ಇದೆ.

ಒಂದು ಕಾಲದಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳುವಂಥ ಮಾನಸಿಕ ಕಾಯಿಲೆ) ಬಂದರೆ ತಾಯಿಯನ್ನು ದೂರುತ್ತಿದ್ದರು. ಅಮ್ಮ ಸರಿಯಾಗಿ ಸಾಕಲಿಲ್ಲ, ಅದಕ್ಕೆ ಮಗುವಿಗೆ ಹೀಗಾಯಿತು ಅಂತ ಡಾಕ್ಟರುಗಳೇ ಬರೆದರು. 1948ರಲ್ಲಿ ಅದಕ್ಕೊಂದು ಹೆಸರೂ ಬಂತು. 1976ರಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಜೊತೆಯವರು, ಆಗ ಹೊಸದಾಗಿ ಬಂದಿದ್ದ ಸಿಟಿ ಸ್ಕ್ಯಾನ್‌ನಲ್ಲಿ 17 ರೋಗಿಗಳನ್ನು ನೋಡಿದರು. ಮಿದುಳಿನೊಳಗೆ ದ್ರವ ತುಂಬಿರುವ ಕೋಣೆಗಳು ಅವರಲ್ಲಿ ದೊಡ್ಡದಾಗಿದ್ದವು. ಸಣ್ಣ ಅಧ್ಯಯನ, ನಿಜ. ಆದರೆ ಆಮೇಲೂ ಗುಂಪಿನ ಮಟ್ಟದಲ್ಲಿ ಮತ್ತೆ ಮತ್ತೆ ಕಂಡಿದೆ. ತಾಯಂದಿರ ತಲೆಯ ಮೇಲಿನ ಆರೋಪ ಇಳಿಯುವುದಕ್ಕೆ ಇಂಥ ಚಿತ್ರಗಳೂ ನೆರವಾದವು.

ಇನ್ನೊಂದು ನನಗೆ ತುಂಬಾ ಹತ್ತಿರದ್ದು, ಪೆಟ್ ಸ್ಕ್ಯಾನ್. ಭ್ರಮೆಗೆ ಕೊಡುವ ಹ್ಯಾಲೋಪೆರಿಡಾಲ್ ಮಾತ್ರೆಯನ್ನು ಹಿಂದೆ ಬಹಳ ದೊಡ್ಡ ಡೋಸಿನಲ್ಲಿ ಕೊಡುತ್ತಿದ್ದರು. ಜನ ಮರಗಟ್ಟಿ ನಡುಗುತ್ತಿದ್ದರು. ಮಾತ್ರೆ ಹೋಗಿ ಡೋಪಮೈನ್ ಗ್ರಾಹಕಗಳನ್ನು (ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ ಬಂದು ಕೂರುವ ಜಾಗಗಳನ್ನು) ಎಷ್ಟು ಮುಚ್ಚುತ್ತದೆ ಅಂತ ಪೆಟ್‌ನಲ್ಲಿ ಎಣಿಸಬಹುದು. 2000ದಲ್ಲಿ ಬಂದ ಅಧ್ಯಯನದಲ್ಲಿ 22 ರೋಗಿಗಳಿಗೆ ದಿನಕ್ಕೆ 1 ಅಥವಾ 2.5 ಮಿಲಿಗ್ರಾಂನಿಂದ ಶುರು ಮಾಡಿದರು. ಸುಮಾರು 65% ಗ್ರಾಹಕ ಮುಚ್ಚಿದರೆ ಗುಣ ಕಾಣುತ್ತದೆ. 78% ದಾಟಿದರೆ ಬಿಗಿತ, ನಡುಕ ಶುರು. ಅಂದರೆ ಬೇಕಾದ ಕಿಟಕಿ ಚಿಕ್ಕದು, ಅದಕ್ಕೆ ಸಣ್ಣ ಡೋಸೇ ಸಾಕಾಗಬಹುದು. ಇದು ಗೊತ್ತಾದಮೇಲೆ ಪ್ರತಿಯೊಬ್ಬ ರೋಗಿಗೂ ಪೆಟ್ ಮಾಡಬೇಕಿಲ್ಲ. ಕೆಲವರ ಸ್ಕ್ಯಾನ್‌ನಿಂದ ಕಲಿತ ಪಾಠ ಸ್ಕ್ಯಾನರ್ ಮುಖವೇ ನೋಡದವರಿಗೂ ತಲುಪಿತು.

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 7.05

ಪೆಟ್ ಉದಾಹರಣೆಗೆ ತಲೆಬಾಗುತ್ತೇನೆ. ಅಲ್ಲಿ ಪ್ರಶ್ನೆ ಚಿಕ್ಕದು, ಅಳತೆ ಸ್ಪಷ್ಟ. ಖಿನ್ನತೆಯಲ್ಲಿ ಅಂಥದ್ದು ತೋರಿಸಿ.

ಪ್ರಯೋಗಶಾಲೆ · ಬೆಳಿಗ್ಗೆ 7.40

ತೋರಿಸುತ್ತೇನೆ. ಹೆಲೆನ್ ಮೇಬರ್ಗ್ ಎಂಬ ನರವಿಜ್ಞಾನಿ ಪೆಟ್ ಚಿತ್ರಗಳಲ್ಲಿ ಒಂದು ಜಾಗವನ್ನು ಮತ್ತೆ ಮತ್ತೆ ಕಂಡರು. ಹಣೆಯ ಹಿಂದೆ, ಒಳಭಾಗದಲ್ಲಿ. ಏರಿಯಾ 25 ಅಂತ ಕರೆಯುತ್ತಾರೆ. ತೀವ್ರ ಖಿನ್ನತೆಯಲ್ಲಿ ಅದು ಅತಿಯಾಗಿ ಕೆಲಸ ಮಾಡುತ್ತಿತ್ತು, ಹುಷಾರಾದಾಗ ತಣ್ಣಗಾಗುತ್ತಿತ್ತು. 2005ರಲ್ಲಿ, ಯಾವ ಚಿಕಿತ್ಸೆಗೂ ಬಗ್ಗದ ಆರು ಜನರಿಗೆ ಅಲ್ಲಿಗೆ ತಂತಿ ಇಳಿಸಿ ಸಣ್ಣ ಕರೆಂಟ್ ಕೊಟ್ಟರು. ಆರು ತಿಂಗಳ ನಂತರವೂ ನಾಲ್ವರಲ್ಲಿ ಸುಧಾರಣೆ ಉಳಿದಿತ್ತು.

ತಲೆ ಕೊರೆಯದೆ ಮಾಡುವುದೂ ಬಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ವಿಧಾನ. ಎಫ್‌ಎಂಆರ್‌ಐ ಮಾಡಿ, ಆ ರೋಗಿಯ ಮಿದುಳಿನಲ್ಲಿ ಏರಿಯಾ 25ರ ಸುತ್ತಿನ ಭಾಗಕ್ಕೆ ನಂಟಿರುವ ಜಾಗ ಎಲ್ಲಿದೆ ಅಂತ ಹುಡುಕುತ್ತಾರೆ. ಅಲ್ಲಿಗೆ ಹೊರಗಿನಿಂದ ಅಯಸ್ಕಾಂತದ ಮಿಡಿತ ಕೊಡುತ್ತಾರೆ. ದಿನಕ್ಕೆ 10 ಸಲ, ಐದು ದಿನ. ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 79% ಜನರ ಖಿನ್ನತೆ ಹತೋಟಿಗೆ ಬಂತು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ 13%. 2022ರಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಉಪಕರಣಗಳ ಸರ್ಕಾರಿ ನಿಯಂತ್ರಣ ಸಂಸ್ಥೆ) ಒಪ್ಪಿಗೆ ಕೊಟ್ಟಿತು.

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 7.52

ಒಟ್ಟು 29 ಜನರ ಪ್ರಯೋಗ ಅದು ಮೇಡಂ. ಒಳ್ಳೆಯದಾಗಿದ್ದು ಸ್ಕ್ಯಾನ್ ತೋರಿಸಿದ ಜಾಗದಿಂದಲೋ, ಐದು ದಿನದಲ್ಲಿ 50 ಸಲ ಕೊಟ್ಟಿದ್ದರಿಂದಲೋ? ಎರಡನ್ನೂ ಬೇರೆ ಮಾಡಿ ಅದರಲ್ಲಿ ನೋಡಿಲ್ಲ.

ಪ್ರಯೋಗಶಾಲೆ · ಬೆಳಿಗ್ಗೆ 7.58

ಸರಿಯಾದ ಪ್ರಶ್ನೆ. ಅದು ಬೇರೆಯಾಗಿ ನೋಡಬೇಕಾದದ್ದೇ. ಆದರೂ ಹತ್ತು ವರ್ಷ ಹಾಸಿಗೆ ಹಿಡಿದವರು ಎದ್ದು ಕೂತರೆ ನಾನು ಅದನ್ನು ಸಣ್ಣದು ಅನ್ನಲಾರೆ.

ನೇರಮಾತು · ಬೆಳಿಗ್ಗೆ 8.10

ಇಷ್ಟು ಕಡಿಮೆ ಜನರನ್ನು ಇಟ್ಟುಕೊಂಡು ಯಾಕೆ ಮಾಡುತ್ತಾರೆ? ಸಾವಿರಾರು ಜನರ ಮೇಲೆ ಮಾಡಬಾರದಾ?

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 8.25

ಅದನ್ನೇ 2022ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಲೇಖನ ಹೇಳಿದ್ದು. ಮಿದುಳಿನ ವ್ಯತ್ಯಾಸವನ್ನು ನಡವಳಿಕೆಗೋ ಮನಸ್ಸಿನ ಸ್ಥಿತಿಗೋ ಜೋಡಿಸಬೇಕಾದರೆ ಸಾವಿರಾರು ಜನ ಬೇಕು. ಆವರೆಗಿನ ಸಾಮಾನ್ಯ ಅಧ್ಯಯನಗಳಲ್ಲಿ ಇದ್ದದ್ದು ಸುಮಾರು 25 ಜನ. ಈಗ ಬದಲಾಗುತ್ತಿದೆ. ಸಂಶೋಧನೆಗೆ ಅಂತ ಜನರ ಆರೋಗ್ಯ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ 2025ರಲ್ಲಿ ಒಂದು ಲಕ್ಷ ಜನರ ಸ್ಕ್ಯಾನ್ ಮುಗಿಸಿತು.

ಪ್ರಯೋಗಶಾಲೆ · ಬೆಳಿಗ್ಗೆ 8.40

ಇನ್ನೊಂದು ದಾರಿಯೂ ಇದೆ. ಕಡಿಮೆ ಜನ, ಆದರೆ ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು. 2024ರಲ್ಲಿ ನೇಚರ್‌ನಲ್ಲೇ ಬಂತು. ಯಾವುದು ಮುಖ್ಯ, ಯಾವುದಕ್ಕೆ ಗಮನ ಕೊಡಬೇಕು ಅಂತ ಆರಿಸುವ ಮಿದುಳಿನ ಜಾಲವೊಂದಿದೆ. ಖಿನ್ನತೆ ಇರುವ ಹೆಚ್ಚಿನವರಲ್ಲಿ ಅದು ಹೊರಪದರದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಜಾಗ ಹಿಡಿದಿತ್ತು. ಮನಸ್ಸು ಹಗುರಾದ ದಿನವೂ ಅದು ಚಿಕ್ಕದಾಗಲಿಲ್ಲ. ಮುಂದೆ ಖಿನ್ನತೆಗೆ ಒಳಗಾದ ಮಕ್ಕಳಲ್ಲಿ ಮೊದಲೇ ಹಾಗಿತ್ತು. ಇದು ಸರಾಸರಿಯ ಒಂದು ಸೆಂಟಿಮೀಟರ್ ಲೆಕ್ಕ ಅಲ್ಲ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 8.44

ಅದನ್ನು ನಾನೂ ಓದಿದ್ದೇನೆ. ಬೇರೆ ಪ್ರಯೋಗಾಲಯಗಳಲ್ಲೂ ಹಾಗೇ ಬರಲಿ ಅಂತ ಮನಸಾರೆ ಬಯಸುತ್ತೇನೆ.

ಮಗಳ_ಅಮ್ಮ · ಬೆಳಿಗ್ಗೆ 10.20

ಇದುವರೆಗೆ ಸುಮ್ನೆ ಓದುತ್ತಿದ್ದೆ. ಒಂದು ಮಾತು ಸೇರಿಸಲೇಬೇಕು.

ನನ್ನ ಮಗಳಿಗೆ 19 ಇರುವಾಗ ಒಂದು ವಾರದಲ್ಲಿ ಬೇರೆಯೇ ಹುಡುಗಿಯಾದಳು. ಯಾರೋ ನೋಡುತ್ತಿದ್ದಾರೆ ಅನ್ನುವಳು. ನಿದ್ದೆ ಇಲ್ಲ. ನನ್ನನ್ನೇ ಅನುಮಾನಿಸಿದಳು. ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು, ನಾರ್ಮಲ್. ಹಾಗಾಗಿ ಇದು ಬರೀ ಮಾನಸಿಕ ಅಂತ ಭರ್ತಿ ಮಾಡಿಕೊಂಡರು. ಹತ್ತನೇ ದಿನ ಫಿಟ್ಸ್ ಬಂತು. ಬಾಯಿ ಸುಮ್ಮನೆ ಜಗಿಯುತ್ತಿರುವ ಹಾಗೆ ಆಡುತ್ತಿತ್ತು. ಕೈಕಾಲು ಸೆಟೆದುಕೊಂಡವು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನೋಡಿ, ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಆಂಟಿ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ಬೀಳುವ ಕಾಯಿಲೆ. 2007ರಲ್ಲಷ್ಟೇ ಜೋಸೆಪ್ ಡಾಲ್ಮಾವ್ ಅವರ ತಂಡ ಇದನ್ನು ಗುರುತಿಸಿ ಬರೆದದ್ದು. ಇದು ಬಂದವರಲ್ಲಿ ಅರ್ಧಕ್ಕರ್ಧ ಜನರ ಎಂಆರ್‌ಐ ನಾರ್ಮಲ್ಲೇ ಇರುತ್ತದಂತೆ. ಈಗ ಮಗಳು ಆರಾಮಾಗಿದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಆದರೆ ನಾರ್ಮಲ್ ಅನ್ನುವ ಆ ಒಂದು ಪದದಿಂದ ಹತ್ತು ದಿನ ಕಳೆದುಕೊಂಡೆವು.

ತಮ್ಮನ_ಅಕ್ಕ · ಬೆಳಿಗ್ಗೆ 10.31

ಓದಿ ಕೈ ನಡುಗಿತು ಅಮ್ಮ. ತಮ್ಮನಿಗೂ ಇಂಥಾದ್ದು ಇರಬಹುದಾ?

ಇರುಳು_ಓದು · ಬೆಳಿಗ್ಗೆ 11.05

ಗಾಬರಿ ಆಗಬೇಡಿ ಅಕ್ಕ. ಇದು ಅಪರೂಪ. ನಾವು ಎಚ್ಚರ ವಹಿಸುವುದು ಯಾವಾಗ ಅಂದರೆ, ಬದಲಾವಣೆ ದಿನಗಳ ಲೆಕ್ಕದಲ್ಲಿ ಧಿಡೀರ್ ಬಂದಾಗ, ಜೊತೆಗೆ ಫಿಟ್ಸ್, ಜ್ವರ, ಕೈಕಾಲಿನ ಸೆಳೆತ ಅಥವಾ ಬಲ ಕಡಿಮೆ ಆದಾಗ, ಹೊತ್ತು ಯಾವುದು, ಜಾಗ ಯಾವುದು ಗೊತ್ತಾಗದ ಗಲಿಬಿಲಿ ಇದ್ದಾಗ. ತಲೆಗೆ ಪೆಟ್ಟು ಬಿದ್ದಿದ್ದರೆ. ಇಳಿವಯಸ್ಸಿನಲ್ಲಿ ಮೊದಲ ಸಲ ಸ್ವಭಾವವೇ ಬದಲಾದರೆ. ಆಗ ಸ್ಕ್ಯಾನ್, ಇಇಜಿ, ರಕ್ತ, ಬೆನ್ನುನೀರು ಎಲ್ಲ ನೋಡುತ್ತೇವೆ. ಮನೋವೈದ್ಯಕೀಯದಲ್ಲಿ ಇವತ್ತು ಸ್ಕ್ಯಾನ್‌ನ ನಿಜವಾದ ಕೆಲಸ ಹೆಚ್ಚಾಗಿ ಇದೇ, ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು. ನಿಮ್ಮ ತಮ್ಮನದು ತಿಂಗಳುಗಟ್ಟಲೆ ನಿಧಾನಕ್ಕೆ ಬಂದದ್ದು, ಈ ಲಕ್ಷಣ ನೀವು ಹೇಳಿಲ್ಲ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಸ್ಕ್ಯಾನ್‌ಗಿಂತ ತುರ್ತಾದದ್ದು ಒಂದಿದೆ. ಬದುಕೇ ಬೇಡ ಅನ್ನಿಸುತ್ತಾ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಆವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹೊಂಗೆ_ನೆರಳು · ಬೆಳಿಗ್ಗೆ 11.12

ಹೌದು, ಕೇಳಿ. ನನ್ನನ್ನು ನನ್ನ ಗೆಳತಿ ಕೇಳಿದ್ದಳು. ಆ ರಾತ್ರಿ ಮೊದಲ ಸಲ ನಿದ್ದೆ ಬಂತು.

ತಮ್ಮನ_ಅಕ್ಕ · ಸಂಜೆ 7.50

ಕೇಳಿದೆ. ಮೊದಲು ಇಲ್ಲ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎದ್ದೇಳದಿದ್ದರೆ ಚೆನ್ನಾಗಿತ್ತು ಅಂತ ಕೆಲವು ಸಲ ಅನ್ಸುತ್ತೆ" ಅಂದ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ, ಈಗಲೇ ಬನ್ನಿ ಅಂದರು. ಮಧ್ಯಾಹ್ನವೇ ಹೋಗಿ ಬಂದೆವು. ಮಾತ್ರೆ ಬದಲಿಸಿದ್ದಾರೆ, ವಾರಕ್ಕೊಮ್ಮೆ ಕೌನ್ಸೆಲಿಂಗ್ ಅಂದಿದ್ದಾರೆ. ಥೈರಾಯ್ಡ್‌ಗೂ ರಕ್ತ ಕೊಟ್ಟಿದ್ದೇವೆ. ಸದ್ಯಕ್ಕೆ ರಾತ್ರಿ ಅವನ ಕೋಣೆಯಲ್ಲೇ ಮಲಗುತ್ತೇನೆ.

ಇನ್ನೊಂದು ಆಯಿತು. ಇಲ್ಲಿ ಮೈಗ್ರೇನ್ ಬಗ್ಗೆ ಬರೆದಿದ್ದಿರಲ್ಲ, ನನ್ನ ಅಪ್ಪನಿಗೆ 20 ವರ್ಷದಿಂದ ಮೈಗ್ರೇನ್. ಬಂದರೆ ಕತ್ತಲೆ ಕೋಣೆಯಲ್ಲಿ ಮಲಗಿಬಿಡುತ್ತಾರೆ, ನಾವ್ಯಾರೂ ಸದ್ದು ಮಾಡುವ ಹಾಗಿಲ್ಲ. ಕಪಾಟಿನಲ್ಲಿ ಹುಡುಕಿದೆ. ಅವರ ಹಳೆಯ ಸ್ಕ್ಯಾನ್ ರಿಪೋರ್ಟ್ ಸಿಕ್ಕಿತು. ತಮ್ಮನ ರಿಪೋರ್ಟ್ ಪಕ್ಕದಲ್ಲಿಟ್ಟು ತೋರಿಸಿದೆ. ಎರಡರಲ್ಲೂ ಕೊನೆಯ ಸಾಲು ಒಂದೇ, ನಾರ್ಮಲ್. ಅಪ್ಪ ಕನ್ನಡಕ ಹಾಕಿಕೊಂಡು ಎರಡನ್ನೂ ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಆಸ್ಪತ್ರೆಗೆ ಹೊರಟಾಗ ಚಪ್ಪಲಿ ಹಾಕಿಕೊಂಡು ಅವರೂ ಬಂದರು.

ಮೌನಿ · ಸಂಜೆ 7.58

ಇದನ್ನು ಓದುವುದಕ್ಕೇ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ನೇರಮಾತು · ಸಂಜೆ 8.06

ನಿಮ್ಮ ಅಪ್ಪನ ಪರವಾಗಿ ನಾನು ವಾದ ಮಾಡಿದ್ದೆ. ಅವರು ನನಗಿಂತ ಬೇಗ ಅರ್ಥ ಮಾಡಿಕೊಂಡರು. ತಮ್ಮ ಹೇಗಿದ್ದಾನೆ ಅಂತ ಆಗಾಗ ಬರೆಯಿರಿ.

ಗಾಳಿಪಟ · ಸಂಜೆ 8.30

ಈಗಷ್ಟೇ ಸ್ಕ್ಯಾನ್ ಮುಗಿಸಿ ಹೊರಗೆ ಬಂದೆ. ಹಲಗೆ ಜರುಗುವ ಮೊದಲೇ ಕಣ್ಣು ಮುಚ್ಚಿದೆ, ಕೊನೆಯವರೆಗೂ ತೆರೆಯಲಿಲ್ಲ. ಕಪ್ಪುಬಿಳುಪು ಅಣ್ಣ, ನಿಮಗೆ ದೊಡ್ಡ ಥ್ಯಾಂಕ್ಸ್. ತಮ್ಮನ_ಅಕ್ಕ, ಇವತ್ತು ರಾತ್ರಿ ನೀವೂ ಸ್ವಲ್ಪ ನಿದ್ದೆ ಮಾಡಿ.